ಸೆಟ್ ಪ್ರಭಣ್ಣ

ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಪದಗಳಿವೆ ಎಂಬುದನ್ನು ಆ ಭಾಷೆಯನ್ನೇ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡ ನಾನು ಬಲ್ಲೆ. ಆದರೆ ಗಾವಡಗೆರೆಯ ಪ್ರಭುಸ್ವಾಮಿಯವರಿಗೆ ಅವುಗಳಲ್ಲಿ ಒಂದೇ ಒಂದು ಸಾಕಾಗಿದೆ. ಆ ಪದ ‘ಸೆಟ್’. ಮಳೆ ಹಿಡಿದರೆ ಮಳೆ ಸೆಟ್ಟಾಯಿತು, ಗಾರೆ ಗಟ್ಟಿಯಾದರೆ ಗಾರೆ ಸೆಟ್ಟಾಯಿತು, ಹೊಸ ಸೊಸೆ ಅತ್ತೆಯೊಂದಿಗೆ ಹೊಂದಿಕೊಂಡರೆ ಸೊಸೆ ಸೆಟ್ಟಾದಳು, ಹೊಂದಿಕೊಳ್ಳದೆ ತವರಿನ ಬಸ್ಸು ಹತ್ತಿದರೆ ‘ಯಾಕೋ ಸೆಟ್ಟಾಗ್ನಿಲ್ಲ ಸಾ’. ಹುಣಸೂರಿನ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ಅದು ಹೊಟ್ಟೆಯಲ್ಲಿ ಸೆಟ್ಟಾಗಲೆಂದು ಸೋಡಾ ಕುಡಿದು, ಸೋಡಾ ಅಂಗಡಿಯವನ ಮಗನಿಗೆ ಪಿರಿಯಾಪಟ್ಟಣದ ಕಡೆ ಒಂದು ಹೆಣ್ಣು ಸೆಟ್ ಮಾಡಿಕೊಡುವುದಾಗಿ ಮಾತು ಕೊಟ್ಟು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಗಳ ಬಿಡಿಸುವುದು, ನಿಂತ ಗಡಿಯಾರಕ್ಕೆ ಹೊತ್ತು ಕೂಡಿಸುವುದು, ಹಗ್ಗ ಕಿತ್ತುಕೊಂಡು ಓಡಿದ ಎಮ್ಮೆಯನ್ನು ಹಿಡಿದು ತಂದು ಗೂಟಕ್ಕೆ ಕಟ್ಟುವುದು, ಎಲ್ಲವೂ ಅವರ ಪಾಲಿಗೆ ಸೆಟ್ ಮಾಡುವುದೇ. ಊರಿನವರು ಅವರನ್ನು ಸೆಟ್ ಪ್ರಭಣ್ಣ ಎಂದೇ ಕರೆಯುತ್ತಾರೆ. ಅದರಲ್ಲಿ ಅವರಿಗೆ ಬೇಸರವೇನೂ ಇಲ್ಲ.

ಈ ಪದ ಅಂಟಿಕೊಂಡದ್ದು ಕಸುಬಿನಿಂದ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಪಂಚಾಯಿತಿ ಚುನಾವಣೆ, ಏನೇ ಇರಲಿ, ಸುತ್ತಿನ ಹಳ್ಳಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು ಅವರು. ಹರೆಯದಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಎಡಗೈಯಲ್ಲಿ ತೂಗಿಸಿಕೊಂಡು ಸೈಕಲ್ಲೂ ಹೋಗದ ದಾರಿಗಳಲ್ಲಿ ನಡೆದು ನಡೆದು ಅವರ ಎಡಭುಜ ಇಳಿದೇಬಿಟ್ಟಿದೆ. ಈಗ ಪೆಟ್ಟಿಗೆಗಳು ಆಟೋದಲ್ಲಿ ಹೋಗುತ್ತವೆ. ಪ್ರಭಣ್ಣ ಮಾತ್ರ ಬರಿಗೈಯಲ್ಲಿ ಬಂದರೂ ಭಾರ ಹೊತ್ತವರಂತೆ ಎಡಕ್ಕೆ ವಾಲಿಕೊಂಡೇ ಬರುತ್ತಾರೆ. ಮೈಮೇಲೆ ಸದಾ ಕಂದುಬಣ್ಣದ ಸಫಾರಿ ಸೆಟ್. ಮೇಲಂಗಿಯನ್ನು ಒಗೆಯಲು ಹಾಕಿದ ದಿನ ಪ್ಯಾಂಟನ್ನೂ ತೊಡುವುದಿಲ್ಲ, ಸೆಟ್ ಒಡೆಯಬಾರದಂತೆ. ಅಂದೆಲ್ಲ ಪಂಚೆಯುಟ್ಟು ಮುಖ ಸಪ್ಪಗೆ ಮಾಡಿಕೊಂಡು ಜಗಲಿಯ ಮೇಲೆ ಕೂತಿರುತ್ತಾರೆ. ಇನ್ನೊಂದು ಹಟವೆಂದರೆ, ಮೈಕು ಹಿಡಿಯಲಿರುವವರು ಸ್ವಾಮಿಗಳಾಗಿರಲಿ ಶಾಸಕರಾಗಿರಲಿ, ಮೊದಲು ತಾವು ಅದನ್ನು ಒಮ್ಮೆ ಊದಿ, ಒಮ್ಮೆ ಬೆರಳಿನಿಂದ ತಟ್ಟಿ, ಕಣ್ಣು ಮುಚ್ಚಿ, ‘ಹಲೋ, ಹಲೋ, ಸಮಸ್ತ ಬಂಧುಗಳೇ’ ಎಂದು ತಮ್ಮ ಘನಗಂಭೀರ ಕಂಠದಲ್ಲಿ ಸಂಬೋಧಿಸಿಯೇ ಕೊಡಬೇಕು. ಆ ಒಂದು ಸಂಬೋಧನೆಯ ಸುಖಕ್ಕಾಗಿಯೇ ಅವರು ಈ ಕಸುಬನ್ನು ಹಿಡಿದಿದ್ದಾರೆಂದು ನನಗೆ ಬಲವಾದ ಅನುಮಾನವಿದೆ.

ಒಮ್ಮೆ ಅವರನ್ನು ಕೆಣಕಬೇಕೆನ್ನಿಸಿ ನನ್ನ ದಪ್ಪ ನಿಘಂಟನ್ನು ಇಳಿಸಿ, ಆ ಪುಟ್ಟ ಪದಕ್ಕೆ ಪುಟಗಟ್ಟಲೆ ಅರ್ಥ ಕೊಟ್ಟಿರುವುದನ್ನು ತೋರಿಸಿದೆ. ಕನ್ನಡಕ ಏರಿಸಿಕೊಂಡು, ಬೆರಳಾಡಿಸಿಕೊಂಡು, ಪುಟ ಮಗುಚಿ ಮಗುಚಿ ನೋಡಿ, “ಇದ್ರಲ್ಲಿ ಮೈಕ್‌ಸೆಟ್ ಇಲ್ವಲ್ಲ ಸಾ,” ಎಂದು ನನ್ನ ಕಡೆ ಕರುಣೆಯಿಂದ ನೋಡಿ ಪುಸ್ತಕವನ್ನು ಮುಚ್ಚಿ ಕೊಟ್ಟರು. ನನಗೆ ನಗು ಬಂದಿತು, ಸ್ವಲ್ಪ ಸಿಟ್ಟೂ ಬಂದಿತು. ಸಿಟ್ಟು ಬಂದದ್ದು ಅದೇ ಮೊದಲಲ್ಲ. ನನ್ನ ತಾಯಿ ತೀರಿಕೊಂಡ ದಿನವೂ ಹೀಗೆಯೇ ಎಡಕ್ಕೆ ವಾಲಿಕೊಂಡು ಬಂದು, ಬಹಳ ಹೊತ್ತು ಕಂಬಕ್ಕೊರಗಿ ನಿಂತು, “ಎಲ್ಲಾ ಸೆಟ್ಟಾಯ್ತದೆ ಬುಡಿ ಸಾ,” ಎಂದಿದ್ದರು. ಸತ್ತವರು ಹೇಗಯ್ಯಾ ಸೆಟ್ಟಾಗುತ್ತಾರೆ ಎಂದು ಮೈ ಉರಿದಿತ್ತು. ಆದರೆ ಅಂದು ಬಂದ ಪಂಡಿತರೆಲ್ಲ ಹೇಳಿದ ಸಾಂತ್ವನದ ಮಾತುಗಳು ಒಂದೂ ನೆನಪಿಲ್ಲ. ಅವರ ಮಾತು ನೆನಪಿದೆ, ಅದನ್ನು ನೆನೆದಾಗೆಲ್ಲ ನನಗೆ ಅವರ ಮೇಲೆ ಪ್ರೀತಿಯುಕ್ಕುತ್ತದೆ.

ಇಂಥವರ ಬಾಯಿಗೆ ಕಳೆದ ವರ್ಷ ಕಷ್ಟ ಬಂದಿತು. ಎಲೆಯಡಿಕೆ, ಹೊಗೆಸೊಪ್ಪು ಕೂಡಿ ಹಲ್ಲುಗಳನ್ನು ಒಂದೊಂದಾಗಿ ಉದುರಿಸಿ, ಕೊನೆಗೆ ಒಂದನ್ನೂ ಉಳಿಸಲಿಲ್ಲ. ಕಂಠದಿಂದ ಗಾಳಿ ಸೋರತೊಡಗಿತು. ‘ಸಮಸ್ತ ಬಂಧುಗಳೇ’ ಎನ್ನುವುದು ಯಾರೋ ಒಲೆ ಊದಿದ ಹಾಗೆ ಕೇಳತೊಡಗಿತು. ಯಾರಿಗೂ ತಿಳಿಯಬಾರದೆಂದು ಆಣೆ ಹಾಕಿಸಿಕೊಂಡು, ನನ್ನ ಕಾರಿನಲ್ಲಿ ಮೈಸೂರಿಗೆ ಬಂದು ಹಲ್ಲಿನ ಸೆಟ್ ಕಟ್ಟಿಸಿಕೊಂಡರು. ವಿಚಿತ್ರವೆಂದರೆ, ಲೋಕದ ಸಕಲ ಸೆಟ್ಟುಗಳನ್ನೂ ಬಾಯಿತುಂಬ ಹೆಸರು ಹಿಡಿದು ಕರೆಯುವ ಮನುಷ್ಯ ಬಾಯಲ್ಲೇ ಕೂತ ಈ ಸೆಟ್ಟಿನ ಹೆಸರನ್ನು ಮಾತ್ರ ಎತ್ತುವುದಿಲ್ಲ. ಮನೆಯಲ್ಲಿ ಹೆಂಡತಿ ಪುಷ್ಪಕ್ಕನಿಗೆ, ಹೊರಗೆ ನನಗೆ, ಇಷ್ಟು ಜನಕ್ಕೇ ಆ ಗುಟ್ಟು ಗೊತ್ತಿತ್ತು. ಒಸಡಿಗೆ ಇನ್ನೂ ರೂಢಿಯಾಗಿಲ್ಲ, ಗಟ್ಟಿ ಪದಾರ್ಥ, ಅಂಟು ಪದಾರ್ಥ ಮುಟ್ಟಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅದಾದ ಕೆಲವೇ ದಿನಗಳಲ್ಲಿ ಶಾಂಭವಿಯ ಸಂಬಂಧ ಕುದುರಿತು. ಶಾಂಭವಿ ಪ್ರಭಣ್ಣನ ಅಕ್ಕನ ಮಗಳು. ಹೆತ್ತವರಿಲ್ಲದ ಆಕೆಯನ್ನು ಸಾಕಿದವರು ಈ ಸೋದರಮಾವನೇ. ಹನಗೋಡಿನ ಶಾಲೆಯಲ್ಲಿ ಮೇಡಂ ಆಗಿದ್ದಾಳೆ. ಶಾಲೆಯಂಗಳದಲ್ಲಿ ಗಿಡ ನೆಡಿಸುವಾಗ, ಸಸಿ ತಂದುಕೊಟ್ಟ ಹಂಪಾಪುರದ ನರ್ಸರಿಯ ಗೌರೀಶ್ ಅವಳ ಮನಸ್ಸಿಗೆ ಹಿಡಿಸಿದ. ಬಂದ ಗಂಡುಗಳನ್ನೆಲ್ಲ ವರ್ಷಗಟ್ಟಲೆ ಬೇಡವೆಂದವಳು ತಾನೇ ಬಂದು ಹೇಳಿದ್ದಳು. ಹುಡುಗನ ಕಡೆಯವರು ಬಂದು ಹೆಣ್ಣು ನೋಡಿ ಒಪ್ಪಿ ಹೋದರು. ಉಳಿದದ್ದು ಮನೆ ನೋಡುವ ಶಾಸ್ತ್ರ.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋದಾಗ ಬಾಯಿಬಿಟ್ಟು ‘ಹೂಂ’, ‘ಉಹೂಂ’ ಎನ್ನುವ ಪದ್ಧತಿಯಿಲ್ಲ. ಒಪ್ಪಿಗೆಯಾದರೆ ಉಂಡು ಬರುತ್ತಾರೆ, ಆಗದಿದ್ದರೆ ಕಾಫಿ ಕುಡಿದು ಏಳುತ್ತಾರೆ. ಎಲೆಯ ಮುಂದೆ ಕೂತ ಮೇಲೆ ಹಿರಿಯ ಸಿಹಿ ತಿಂದನೆಂದರೆ ಹೆಣ್ಣು ಕೊಟ್ಟ ಹಾಗೆ. ಸಿಹಿ ಬಿಟ್ಟು ಎದ್ದನೆಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಆ ಮನೆಗೆ ಯಾರೂ ಮಾತಿಗೆ ಹೋಗುವುದಿಲ್ಲ. ಪ್ರಭಣ್ಣ, ನಾನು, ಇನ್ನಿಬ್ಬರು ನೆಂಟರು ನನ್ನ ಕಾರಿನಲ್ಲಿ ಹೊರಡುವಾಗ ಶಾಂಭವಿ ಕಿಟಕಿಗೆ ಬಗ್ಗಿ, “ಮಾವ, ನಂಗೆ ಅವ್ರೇ ಆಗ್ಬೇಕು. ಅವ್ರಮ್ಮ ಸ್ವಲ್ಪ ಸೂಕ್ಷ್ಮ, ನೋಡ್ಕೊಂಡು ಮಾತಾಡು,” ಎಂದಳು. “ಸೆಟ್ಟಾಯ್ತು ಅಂತ್ಲೇ ತಿಳ್ಕೊ ಕಣವ್ವ,” ಎಂದು ಪ್ರಭಣ್ಣ ಸಫಾರಿಯ ಗುಂಡಿ ಹಾಕಿಕೊಂಡರು. ಪುಷ್ಪಕ್ಕ ಮಂಡಿನೋವೆಂದು ಬರಲಿಲ್ಲ.

ಹಂಪಾಪುರದಲ್ಲಿ ಎಲ್ಲವೂ ಚೆನ್ನಾಗಿಯೇ ಆರಂಭವಾಯಿತು. ಪ್ರಭಣ್ಣ ಕೊಟ್ಟಿಗೆ ನೋಡಿ ‘ಸೆಟ್ಟಾಗ್ಯದೆ’ ಎಂದರು, ನರ್ಸರಿಯ ನೆರಳುಬಲೆ ನೋಡಿ ‘ಸೆಟ್ಟಾಗ್ಯದೆ’ ಎಂದರು, ಗೌರೀಶನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬೆನ್ನು ತಟ್ಟಿದರು. ನಡುಮನೆಯಲ್ಲಿ ಎಲೆ ಹಾಕಿದರು. ಗೌರೀಶನ ತಾಯಿ ಗುರುಶಾಂತಮ್ಮ, ಗಂಡನಿಲ್ಲದೆ ಮನೆಯನ್ನು ಒಂದೇ ಕೈಯಲ್ಲಿ ನಡೆಸಿಕೊಂಡು ಬಂದ ಗಟ್ಟಿ ಹೆಂಗಸು, ತಾವೇ ಬಗ್ಗಿ ಹಿರಿಯರ ಎಲೆಗೆ ಕಜ್ಜಾಯ ಬಡಿಸಿದರು. ನನಗೆ ಡಾಕ್ಟರ ಮಾತು ನೆನಪಾಯಿತು. ಹೊಸ ಬೆಲ್ಲದ ಪಾಕದಲ್ಲಿ ಕಟ್ಟಿದ, ತುಪ್ಪದಲ್ಲಿ ಕರಿದ, ಕೈಯಲ್ಲಿ ಮುರಿದರೆ ಎಳೆ ಬರುವಂಥ ಕಜ್ಜಾಯ. ಪ್ರಭಣ್ಣ ಧೈರ್ಯವಾಗಿ ಕಚ್ಚಿದರು. ಎರಡು ಸಲ ಅಗಿದರು. ಮೂರನೆಯ ಸಲಕ್ಕೆ ಬಾಯಿ ತೆರೆಯಲಿಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರಾಡಿ, ಹೆಗಲ ಮೇಲಿನ ಟವಲನ್ನು ಬಾಯಿಗೊತ್ತಿಕೊಂಡು ಎಲೆ ಬಿಟ್ಟೆದ್ದು ಹಿತ್ತಲಿಗೆ ಓಡಿದರು.

ನಮ್ಮ ಕಡೆಯವರ ಕೈಗಳು ಎಲೆಯ ಮೇಲೆಯೇ ನಿಂತವು. ಗುರುಶಾಂತಮ್ಮ ಕಜ್ಜಾಯದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು, “ಓದ್ ವರ್ಸಾನೂ ಒಬ್ರು ಇಂಗೇ ಎಲೆ ಬುಟ್ಟು ಎದ್ರು. ಇನ್ನೊಂದ್ ಸಲ ನನ್ ಮಗನ್ನ ಅಂಗೆ ಕೂರ್ಸಿ ಅವಮಾನ ಮಾಡಿಸ್ಕೊಳಾಕಿಲ್ಲ,” ಎಂದರು. ಬಾಗಿಲ ಬಳಿ ನಿಂತಿದ್ದ ಗೌರೀಶ ಅಂಗಳದ ಕಡೆ ಮುಖ ತಿರುಗಿಸಿದ.

ನಾನು ಹಿತ್ತಲಿಗೆ ಓಡಿದೆ. ಪ್ರಭಣ್ಣ ನೀರಿನ ತೊಟ್ಟಿಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಕಜ್ಜಾಯ ಕಚ್ಚಿಕೊಂಡ ಹಲ್ಲುಗಳನ್ನು ಅಂಗೈಯಲ್ಲಿಟ್ಟು ಬಿಡಿಸಲು ಹೆಣಗುತ್ತಿದ್ದರು. ಒಳಗೆ ಏನಾಗಿದೆಯೆಂದು ಹೇಳಿದೆ. ನಿಜ ಹೇಳಿಬಿಡಲೇ ಎಂದೆ. ಅವರು ಹಲ್ಲು ಹಿಡಿದ ಕೈಗಳನ್ನೇ ಜೋಡಿಸಿ, “ಬ್ಯಾಡಿ ಸಾ, ಮಾನ ಓಯ್ತದೆ. ಪಿತ್ತ ಆಯ್ತು ಅಂದ್ಬುಡಿ,” ಎಂದರು. ಒಳಗೆ ಬಂದು ಪಿತ್ತವೆಂದೆ. ಅದಕ್ಕಿಂತ ಕೆಟ್ಟ ಮಾತನ್ನು ಯಾರೂ ಆಡುವಂತಿರಲಿಲ್ಲ. “ನನ್ ಕೈಯಡಿಗೆ ತಿಂದು ಇವತ್ತಿನವರೆಗೂ ಯಾರಿಗೂ ಪಿತ್ತ ಕೆರಳಿಲ್ಲ ಕಣ್ರೀ,” ಎಂದು ಗುರುಶಾಂತಮ್ಮ ನನ್ನನ್ನು ಸುಡುವಂತೆ ನೋಡಿ, ಅಡಿಗೆಮನೆಯ ಕಡೆ ತಿರುಗಿ, “ಕಾಪಿಗಿಡಿ, ಕುಡ್ಕೊಂಡು ಒರಡ್ಲಿ,” ಎಂದು ಕೂಗಿದರು. ಹಾಕಿದ ಎಲೆಯ ಮುಂದೆ ಕಾಫಿ ಬಂದರೆ ಮತ್ತೆ ಮಾತೇ ಇಲ್ಲ. ನನ್ನ ಜೇಬಿನಲ್ಲಿ ಫೋನು ನಡುಗತೊಡಗಿತು, ಶಾಂಭವಿಯದು. ಎತ್ತುವ ಧೈರ್ಯವಾಗಲಿಲ್ಲ.

ಆಗ ಹಿತ್ತಲ ಬಾಗಿಲಿನಿಂದ ಪ್ರಭಣ್ಣ ಬಂದರು. ನನ್ನ ಹಿಂದೆಯೇ ಬಂದು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಕೆನ್ನೆಗಳು ಒಳಗಿಳಿದು ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಗುರುಶಾಂತಮ್ಮನ ಮುಂದೆ ನಿಂತು ಟವಲನ್ನು ಬಿಚ್ಚಿದರು. ಮೇಲಿನದೂ ಕೆಳಗಿನದೂ, ಎರಡು ಸಾಲು ಹಲ್ಲು, ಎಲ್ಲರ ಕಣ್ಣೆದುರಿಗೆ.

“ತಾಯಿ, ಇವು ಕಟ್ಟಿಸ್ಕೊಂಡಿರೋ ಅಲ್ಲು. ನಂದು ಅಂತ ಒಂದೂ ಇಲ್ಲ. ನಿಮ್ ಕಜ್ಜಾಯ ಇಡ್ಕೊಬುಡ್ತು, ನಾಚ್ಕೊಂಡು ಎದ್ಬುಟ್ಟೆ. ಮಗಿಗೆ ನಿಮ್ಮನೆ ಬೇಕು. ತಪ್ಪು ತಿಳ್ಕೊಬ್ಯಾಡಿ.” ಗಾಳಿ ಸೋರುವ ಆ ಬಾಯಿಂದ ಮಾತು ಸ್ಪಷ್ಟವಾಗಿ ಬರಲಿಲ್ಲ, ಆದರೂ ನಡುಮನೆಯ ಮೂಲೆಮೂಲೆಗೂ ಕೇಳಿಸಿತು. ಅಡಿಗೆಮನೆಯಲ್ಲಿ ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು. ಪ್ರಭಣ್ಣ ಅದನ್ನೂ ಕೇಳಿಸಿಕೊಂಡರು. ಹಲ್ಲುಗಳನ್ನು ಟವಲಿನಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ತಾವು ಬಿಟ್ಟೆದ್ದ ಎಲೆಯ ಮುಂದೆ ಕೂತು, ಉಳಿದ ಕಜ್ಜಾಯವನ್ನು ಚೂರುಚೂರಾಗಿ ಕಿವುಚಿ ಬಾಯಿಗಿಟ್ಟುಕೊಂಡರು.

ಒಸಡಿನಲ್ಲಿ ಕಜ್ಜಾಯ ತಿನ್ನುವುದೆಂದರೆ ಬೇಗ ಮುಗಿಯುವ ಕೆಲಸವಲ್ಲ. ಎರಡೂ ಕಡೆಯ ಜನ ಕೂತು, ನಿಂತು, ಆ ದವಡೆಗಳನ್ನೇ ನೋಡುತ್ತಿದ್ದರು. ಗುರುಶಾಂತಮ್ಮ ಒಳಗೆ ಹೋಗಿ, ಬಿಸಿ ಹಾಲಿನ ಚೆಂಬು ಹಿಡಿದು ಬಂದು, ಅವರ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಒಂದು ಬಟ್ಟಲಿಗೆ ಹಾಲು ಬಗ್ಗಿಸಿದರು. “ಇದ್ರಲ್ ನೆನೆಸ್ಕೊ ಅಣ್ಣ. ಆತ್ರ ಬ್ಯಾಡ,” ಎಂದರು. ಅಲ್ಲಿಯವರೆಗೆ ಬೀಗರೇ ಎನ್ನುತ್ತಿದ್ದವರು.

ಫೋನು ಮತ್ತೆ ನಡುಗಿತು. ಈ ಸಲ ಎತ್ತಿದೆ. “ಸರ್, ಏನಾಯ್ತು? ಮಾವ ಏನ್ ಮಾಡ್ತಿದ್ದಾರೆ?” ಎಂದಳು ಶಾಂಭವಿ. “ನಿಮ್ಮ ಮಾವ ಉಣ್ತಿದ್ದಾರೆ ಕಣಮ್ಮ,” ಎಂದೆ. ಆ ಕಡೆ ಅವಳು ಅಳತೊಡಗಿದಳು. ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತೆ.

ನಮ್ಮ ಊರುಗಳಲ್ಲಿ ಇಂಥವರು ಇನ್ನೂ ಇದ್ದಾರೆ. ಎಲ್ಲರ ಮನೆಯ ಕೆಲಸಕ್ಕೂ ಕರೆಯದೆ ಬರುತ್ತಾರೆ, ಬಂದು ತಮಗೆ ಗೊತ್ತಿರುವ ಒಂದೋ ಎರಡೋ ಮಾತನ್ನೇ ಎಲ್ಲೆಲ್ಲಿಯೂ ಬಳಸುತ್ತಾರೆ, ನಾವು ಬೆನ್ನ ಹಿಂದೆ ನಗುತ್ತೇವೆ. ಅವರ ಜಂಬ ಬಹಳ ಸಣ್ಣದು, ಒಂದು ಅಂಗಿಯದೋ, ಕಂಠದ್ದೋ, ಮೀಸೆಯದೋ. ಅದನ್ನು ಮಾತ್ರ ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿಕೊಳ್ಳುತ್ತಾರೆ. ಆದರೆ ಸಾಕಿದ ಮಗುವಿನ ಬಾಳು ಎದುರಿಗೆ ಬಂದು ನಿಂತಾಗ, ಇಷ್ಟು ದಿನ ಬಚ್ಚಿಟ್ಟುಕೊಂಡದ್ದನ್ನು ತಾವೇ ತಂದು ಹತ್ತು ಜನರ ಮುಂದಿಟ್ಟು, ನಗುವವರು ನಗಲಿ ಎಂದು ತಲೆ ತಗ್ಗಿಸಿ ಎಲೆಯ ಮುಂದೆ ಕೂರುತ್ತಾರೆ.