ಹಿನ್ನೀರಿನ ದಾರಿ ಗುರುತಿಸಿದ ಮುದ್ದಣ್ಣ

ಮುದ್ದಣ್ಣನ ಹೆಂಡತಿ ಹುಚ್ಚಕ್ಕ ಜ್ವರದಿಂದ ತೀರಿಕೊಂಡ ಆರನೆಯ ದಿನ ಪಂಚಾಕ್ಷರಪ್ಪ ಮೇಷ್ಟ್ರು ಮಾರಿಕಣಿವೆಯ ಹಿನ್ನೀರಿಗೆ ಬಂದರು. ಅದು ೧೯೭೬ರ ಜನವರಿ. ಹೊಸದುರ್ಗದಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿದ್ದ ಅವರಿಗೆ ಒಂದೇ ಹಂಬಲ. ಚಿತ್ರದುರ್ಗದ ಕಾಲೇಜು ಹುಡುಗರು ಹೊಸದುರ್ಗದ ಕಡೆಯಿಂದ ಹಿರಿಯೂರಿನ ಅಣೆಕಟ್ಟೆಯವರೆಗೆ ಹರಿಗೋಲಿನಲ್ಲಿ ಹುಟ್ಟು ಹಾಕಿಕೊಂಡು ಹೋಗುವಂತಾಗಬೇಕು. ಹಿನ್ನೀರಿನ ಮೂರು ಕವಲುಗಳನ್ನೂ ಕೂಡಿಸಿ, ಎಲ್ಲಿ ಇಳಿಯಬಹುದು, ಎಲ್ಲಿ ನೀರಿನಡಿ ಬಂಡೆಯಿದೆ ಎಂದು ನಕ್ಷೆ ಬರೆಯಬೇಕು.

ಆ ನೀರನ್ನು ಬಲ್ಲವನು ಮುದ್ದಣ್ಣ. ಇಪ್ಪತ್ತು ವರ್ಷದಿಂದ ಹರಿಗೋಲಿನಲ್ಲಿ ಜನರನ್ನೂ ಕುರಿಗಳನ್ನೂ ದಾಟಿಸುತ್ತಿದ್ದವನು. ಮೇಷ್ಟ್ರು ಕರೆದರು, ಅವನು ಏನೂ ಕೇಳದೆ ಹೊರಟ. ಮನೆಯ ವಿಷಯ ಹೇಳಲಿಲ್ಲ.

ಮೇಷ್ಟ್ರು ತೋರಿಸಿದಲ್ಲೆಲ್ಲ ಜಾಲಿ ಗೂಟ ನೆಟ್ಟು ಸುಣ್ಣ ಬಳಿದ. ಕೊಟ್ಟ ಅವಲಕ್ಕಿ ತಿಂದ. ಅಂಗೈ ಬೊಬ್ಬೆ ಒಡೆದು ಹುಟ್ಟಿಗೆ ರಕ್ತ ಹತ್ತಿದ್ದನ್ನು ಮೇಷ್ಟ್ರು ತೋರಿಸಿದ ಮೇಲೆಯೇ ನೋಡಿಕೊಂಡ. ನೋವೇನೂ ಇರಲಿಲ್ಲ.

ಕೆಲಸ ಶುರುವಾದ ನಾಲ್ಕನೆಯ ದಿನ ಅವನ ಅಕ್ಕ ಕಾಳಕ್ಕ ದಡದ ಗುಂಟ ನಡೆದು ಬಂದಳು.

"ನಾಳೆ ತಿಥಿ ಐತೆ ಕಣೋ. ಬರ್ತೀಯೋ ಇಲ್ವೋ ಕೇಳ್ಕಂಡು ಬಾ ಅಂದ್ರು."

ಬರುತ್ತೇನೆಂದು ಮುದ್ದಣ್ಣ ತಲೆಯಾಡಿಸಿದ. ಯಾರ ತಿಥಿಯೆಂದು ಕೇಳಿ ತಿಳಿದ ಮೇಷ್ಟ್ರಿಗೆ ನಾಚಿಕೆಯಾಯಿತು. ಯಾಕೆ ಹೇಳಲಿಲ್ಲವೆಂದು ಕೇಳಿದರು.

"ಮನ್ಯಾಗೆ ಎಲ್ಲಾರೂ ಅಳ್ತಾರೆ ಸ್ವಾಮಿ. ನಂಗೆ ಅಳು ಬರಲ್ಲ. ಇಲ್ಲಾದ್ರೆ ನೀವು ಹೇಳಿದ ಕಡೀಗೆ ಹುಟ್ಟು ಹಾಕಿದ್ರಾತು."

ಅವರು ನಿಂತಿದ್ದುದು ದಡದ ಒಂದು ಹೊಂಗೆಮರದ ಕೆಳಗೆ; ಮೇಷ್ಟ್ರು ಅಲ್ಲೇ ನಕ್ಷೆ ಬಿಡಿಸಿದರು. ಆಮೇಲೆ, ಹೊಂಗೆಮರದ ಈ ಇಳಿದಾಣಕ್ಕೆ ಹುಚ್ಚಕ್ಕನ ಹೆಸರಿಡಲೇ ಎಂದರು.

"ಬ್ಯಾಡ್ರಿ. ಅವಳಿಗೆ ನೀರು ಕಂಡ್ರೆ ಆಗ್ತಿರಲಿಲ್ಲ. ಒಂದಿನಾನೂ ಹರಿಗೋಲು ಹತ್ತಿದೋಳಲ್ಲ."

ನಕ್ಷೆಯಲ್ಲಿ ಮೇಷ್ಟ್ರು 'ನೆರಳಿದೆ' ಎಂದಷ್ಟೇ ಬರೆದರು.

ಮುದ್ದಣ್ಣ ತಿಥಿಗೆ ಹೋದ. ಕೂರಿಸಿದಲ್ಲಿ ಕೂತ, ಬಡಿಸಿದ್ದು ಉಂಡ, ಮರುದಿನ ನೀರಿಗೆ ವಾಪಸಾದ. ಶಿವರಾತ್ರಿಯ ಹೊತ್ತಿಗೆ ಮೂರು ಕವಲಿನ ಗುರುತೂ ಮುಗಿಯಿತು.

ಮುಂದಿನ ವರ್ಷ ಕಾಲೇಜಿನಿಂದ ಹನ್ನೆರಡು ಮಂದಿ ಬಂದರು. ಮುದ್ದಣ್ಣ ಮುಂದಿನ ಹರಿಗೋಲಿನಲ್ಲಿ ದಾರಿ ತೋರಿಸುತ್ತ ಹೋದ. ಅವನೊಟ್ಟಿಗೆ ಕೂತಿದ್ದ ಹುಡುಗಿಯೊಬ್ಬಳು, ಮಾತಿಗೆಂದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದಳು.

"ನಾನು, ನನ್ನ ಹೆಂಡ್ತಿ," ಎಂದ. ಬಾಯಿ ತಾನಾಗಿಯೇ ಹೇಳಿತ್ತು. ಹುಟ್ಟು ನಿಂತಿತು. "ಇಲ್ಲ ಕಣವ್ವ. ಅವಳು ತೀರ್ಕಂಡ್ಲು."

ಒಂದು ವರ್ಷದಲ್ಲಿ ಅವನು ಆ ಮಾತನ್ನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹರಿಗೋಲು ನಿಧಾನಕ್ಕೆ ತಿರುಗತೊಡಗಿತು. ಹಿಂದಿನವರು ಯಾಕೆ ನಿಂತಿರೆಂದು ಕೂಗಿ ಕೇಳಿದರು. ಮುದ್ದಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಮುಖ ಒದ್ದೆಯಾಗುತ್ತಿತ್ತು.