ಧಕ್ಕೆಯ ಹಲಗೆಗಳು

"ನಿಲ್ಸಿ, ನಿಲ್ಸಿ! ನನ್ ಕಾಲು ಹೂತ್ಹೋಗ್ತಿದೆ!" ಶವಪೆಟ್ಟಿಗೆಯ ಮುಂದಿನ ತುದಿ ಹೊತ್ತಿದ್ದ ದಾಮಿಯಾನ್ ಕೂಗಿಕೊಂಡ.

ಪೆಟ್ಟಿಗೆ ಒಂದು ಬದಿಗೆ ವಾಲಿತು. ನಿಯೆವೆಸ್ ಓಡಿಹೋಗಿ ಹೆಗಲು ಕೊಟ್ಟಳು. ಒಳಗಿದ್ದವನು ಅವಳ ಅಪ್ಪ ಯೂತಿಕಿಯೊ. ಮೊನ್ನೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಇಳಿತದ ಹೊತ್ತು. ಕೊಳೆತ ಮೀನು, ಚರಂಡಿ ಎಲ್ಲ ಸೇರಿ ನಾರುತ್ತಿದ್ದ ಹೂಳಿನಾಚೆ ದೋಣಿ ಕಾಯುತ್ತಿತ್ತು. ಸ್ಮಶಾನವಿದ್ದದ್ದು ಕೊಲ್ಲಿಯ ಆ ದಡದಲ್ಲಿ. ಮೊದಲೆಲ್ಲ ಸಾಮಾರ್ ದ್ವೀಪದ ಈ ಊರಿನಲ್ಲಿ ಹೆಣ ಹೊತ್ತವರು ಪಾದಕ್ಕೆ ಕೆಸರು ಸೋಕದಂತೆ, ಹಡಗು ಕಟ್ಟುವ ಮರದ ಧಕ್ಕೆಯ ಮೇಲೆಯೇ ನಡೆದು ದೋಣಿ ಸೇರುತ್ತಿದ್ದರು. ಈಗ ಉಳಿದಿದ್ದದ್ದು ಸಾಲಾಗಿ ನಿಂತ ಮೋಟುಗಂಬಗಳು.

ಊರಿನ ಮುಖಂಡನಾದ್ದರಿಂದ ಎಲ್ಲರೂ ಕಪ್ತಾನ ಎನ್ನುತ್ತಿದ್ದ ಬಾಲ್ಡೊ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಿಳಿ ಬೂಟಿಗೆ ಕೊಳೆ ತಾಗದಷ್ಟು ದೂರದಲ್ಲಿ ನಿಂತಿದ್ದ.

"ಹಟ ಯಾಕಮ್ಮಾ ನಿಯೆವೆಸ್? ನನ್ ಹೋಟ್ಲಿನ ಹಿಂದೆ ದೋಣಿಕಟ್ಟೆ ಇದೆ. ಒಳಗಿಂದ್ಲೇ ಹಾಯ್ದು ಹೋದ್ರಾಯ್ತು. ಪೆಟ್ಟಿಗೆ ಮೇಲೆ ನನ್ ಚುನಾವಣೆ ಬ್ಯಾನರ್ ಒಂದು ಹಾಸೋಣ, ಅಷ್ಟೇ. ಸಮುದ್ರ ನಮ್ ಧಕ್ಕೇನ ತಿಂದ್ಹಾಕ್ತು, ಏನ್ ಮಾಡೋಕಾಗತ್ತೆ!"

"ಸಮುದ್ರ ತಿನ್ಲಿಲ್ಲ ಕಪ್ತಾನ್ರೇ," ಎಂದಳು ನಿಯೆವೆಸ್. "ನಿಮ್ ಹೋಟ್ಲು ತಿಂತು. ಉಳಿದಿದ್ದು ಇವರೆಲ್ಲ ನೆಕ್ಕಿದ್ರು."

ದುಃಖಕ್ಕೆಂದು ಬಂದವರು ತಲೆ ತಗ್ಗಿಸಿದರು.

*

ಯೂತಿಕಿಯೊ ಜೀವಮಾನವೆಲ್ಲ ಮಾಡಿದ ಕೆಲಸ ಒಂದೇ. ಹಡಗಿನಿಂದ ಎಸೆದ ಹಗ್ಗ ಹಿಡಿದು ಧಕ್ಕೆಯ ಕಂಬಕ್ಕೆ ಬಿಗಿಯುವುದು. ಆ ಹಡಗುಗಳು ಊರಿಗೆ ಅಕ್ಕಿ, ಸೀಮೆಎಣ್ಣೆ, ಮದುಮಗಳ ಉಡುಪು ತಂದವು, ಕೊಬ್ಬರಿ ಒಯ್ದವು. ಅವನು ಮಾತ್ರ ಒಮ್ಮೆಯೂ ಹಡಗು ಹತ್ತಲಿಲ್ಲ.

ಗುಡ್ಡ ಕಡಿದು ರಸ್ತೆಯಾಯಿತು, ಲಾರಿ ಬಂತು, ಹಡಗುಗಳು ನಿಂತವು. ಬಾಲ್ಡೊ ಹೋಟೆಲಿನ ನೆಲಕ್ಕೆಂದು ಧಕ್ಕೆಯ ಹಲಗೆ ಕೀಳಿಸತೊಡಗಿದಾಗ ಯೂತಿಕಿಯೊ ಅಡ್ಡ ನಿಂತ.

"ನಾಳೆ ಹಡಗು ಬಂದ್ರೆ ಎಲ್ಲಿ ಕಟ್ಲಿ?"

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ನಕ್ಕವರೇ ಸುತ್ತಿಗೆ, ಹಾರೆ ಹಿಡಿದು ಬಂದರು. ಉಳಿದ ಹಲಗೆಗಳಲ್ಲಿ ದಾಮಿಯಾನನಿಗೆ ಹಂದಿದೊಡ್ಡಿಯಾಯಿತು. ಇನ್ಯಾರಿಗೋ ಬೆಂಚು, ಮತ್ಯಾರಿಗೋ ಮೀನು ಕೊಯ್ಯುವ ಹಲಗೆ. ಅಂದಿನಿಂದ ಯೂತಿಕಿಯೊ ಯಾರ ಮನೆಯಲ್ಲೂ ಕೂತು ಉಣ್ಣಲಿಲ್ಲ.

"ಅವರ ಬೆಂಚು ಕಂಡ್ರೇ ವಾಕರಿಕೆ ಬರತ್ತೆ ಮಗಳೇ," ಎನ್ನುತ್ತಿದ್ದ.

*

"ಅಪ್ಪನ್ನ ಆ ಹೋಟ್ಲೊಳಗೆ ಒಯ್ಯಲ್ಲ," ನಿಯೆವೆಸ್ ಹೇಳಿದಳು. "ಕೈಲಾಗ್ದಿದ್ರೆ ಇಳ್ಸಿ. ನಾನೇ ಎಳ್ಕೊಂಡ್ ಹೋಗ್ತೀನಿ."

ದಾಮಿಯಾನ್ ಪೆಟ್ಟಿಗೆಯ ತುದಿಯನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿದ. "ತಡಿಯಕ್ಕಾ," ಎಂದು ಮನೆಗೆ ಓಡಿದ. ಬರುವಾಗ ತಲೆಯ ಮೇಲೆ ಹಂದಿದೊಡ್ಡಿಯ ಹಲಗೆಗಳಿದ್ದವು. ಹಂದಿಯ ಹೇಲು ಇನ್ನೂ ಹಸಿಯಾಗಿತ್ತು. ಅವನನ್ನು ನೋಡಿ ಒಬ್ಬೊಬ್ಬರೇ ಮನೆಗೆ ಹೋದರು. ಮೀನಿನ ಹುರುಪೆ ಅಂಟಿದ್ದು, ಎಣ್ಣೆಜಿಡ್ಡು ಹಿಡಿದದ್ದು, ಎಲ್ಲ ಬಂದು ಹೂಳಿನ ಮೇಲೆ ಸಾಲಾಗಿ ಬಿದ್ದವು.

"ಬೈಬೇಡಕ್ಕಾ," ಎಂದ ದಾಮಿಯಾನ್. "ಎಷ್ಟಾದ್ರೂ ನಿಮ್ಮಪ್ಪನ ಧಕ್ಕೆ."

ಆ ಗಬ್ಬುನಾತದ ನಡುವೆಯೂ ನಿಯೆವೆಸ್ ಚಪ್ಪಲಿ ಕಳಚಿ ಮೊದಲ ಹಲಗೆಯ ಮೇಲೆ ಕಾಲಿಟ್ಟಳು. ಯೂತಿಕಿಯೊ ಹಲಗೆಯ ಮೇಲೆಯೇ ಹೋಗಿ ದೋಣಿ ಸೇರಿದ. ನಿಯೆವೆಸ್ ಮತ್ತು ಉಳಿದ ಹೊರುವವರು ಹತ್ತಿದರು. ದಾಮಿಯಾನ್ ಮಾತ್ರ, "ಹಿಂದಿಂದ ಬೇರೆ ದೋಣೀಲಿ ಬರ್ತೀನಿ," ಎಂದು ದಡಕ್ಕೆ ಮರಳಿದ.

ದೋಣಿ ಒಂದಿಷ್ಟು ದೂರ ಹೋದ ಮೇಲೆ, ಕೈಮುಗಿಯೋಣವೆಂದು ನಿಯೆವೆಸ್ ದಡದತ್ತ ತಿರುಗಿದಳು.

ಯಾರೂ ಇವಳ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಬಗ್ಗಿ ಹೂಳಿನಿಂದ ಹಲಗೆ ಕೀಳುತ್ತಿದ್ದರು. ನಡುವೆ ದಾಮಿಯಾನ್ ಮತ್ತು ಕಪ್ಪುಡುಪಿನ ಹೆಂಗಸೊಬ್ಬಳು ಒಂದೇ ಹಲಗೆಯ ಎರಡು ತುದಿ ಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ಜಗ್ಗಾಡುತ್ತಿದ್ದರು.