ನೀಲಿ ಗ್ಲೌಸು

"ತವರುಮನಿಗೆ ಬಂದೀಯೇನಲೇ ಉಚ್ಚೆಂಗಿ, ಕೈ ಎತ್ಕೊಂಡು ನಿಂತೀದಿ? ಕಿವುಚು, ಗಂಟು ಬಿದ್ದೈತಿ" ಎಂದು ಸೂಪರ್‌ವೈಸರ್ ಉಮಾಪತಿ ತೊಟ್ಟಿಯ ದಂಡೆಯ ಮೇಲಿಂದ ಬೈದ.

ಉಚ್ಚೆಂಗೆಮ್ಮ ಮತ್ತೆ ಮೊಳಕೈವರೆಗೆ ಕೈ ಇಳಿಸಿದಳು. ಕುರುಗೋಡು ರಸ್ತೆಯ ಆ ಶೆಡ್ಡಿನಲ್ಲಿ ಅವಳ ಪಕ್ಕಕ್ಕೇ ನಿಲ್ಲುವವಳು ನಾನು, ಮೌಲಾಬಿ. ಹಳೆಯ ಉತ್ತರಪತ್ರಿಕೆ, ಕೋರ್ಟು ಕಾಗದ, ಲಗ್ನಪತ್ರಿಕೆ ಎಲ್ಲ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆದು ಅಂಬಲಿಯಾಗಿರುತ್ತವೆ. ನಾವು ಹನ್ನೊಂದು ಹೆಂಗಸರು ಅದನ್ನು ಕಿವುಚಿ, ಶಾಯಿ ಬಿಡುವವರೆಗೆ ತೊಳೆಯುತ್ತೇವೆ. ಅದನ್ನು ಒಣಗಿಸಿ, ಮದ್ದು ಬೆರೆಸಿ ಮಾಡಿದ ಬಿಳಿ ಪುಡಿ ಬಟ್ಟೆಗೆ ಹಾಕುವ ಗಂಜಿಗೆಂದು ಬಳ್ಳಾರಿಯ ಜೀನ್ಸ್‌ನವರಿಗೆ ಹೋಗುತ್ತದೆ.

ಉಚ್ಚೆಂಗೆಮ್ಮ ಮೊದಲು ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದಳು. ಇಲ್ಲಿಗೆ ಬಂದ ಎರಡೇ ವರ್ಷಕ್ಕೆ ಅವಳ ಬೆರಳ ತುದಿಗಳು ಸುಲಿದ ಉಳ್ಳಾಗಡ್ಡಿಯಂತೆ ನುಣ್ಣಗಾಗಿದ್ದವು. ಹೋದ ತಿಂಗಳು ರೇಷನ್ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ; ಅವಳು ಹತ್ತೂ ಬೆರಳು ಒತ್ತಿದರೂ ಬೆರಳಚ್ಚಿನ ಮಷೀನು ಒಪ್ಪಲಿಲ್ಲ.

"ನೀನು ಉಚ್ಚೆಂಗೆಮ್ಮ ಅಲ್ಲಂತ ಹೇಳ್ತೈತಿ ನೋಡು. ಯಾರ ಕಾರ್ಡು ಕದ್ದೀದಿ?" ಎಂದ ಅಂಗಡಿಯವ. ಸಾಲಿನಲ್ಲಿದ್ದವರು ನಕ್ಕರು.

"ಬೆರಳು ಫ್ಯಾಕ್ಟರಿಯಾಗ ಕರಗ್ಯಾವ್ರಿ ಅಣ್ಣಾ."

"ಹಂಗಾದ್ರ ಫ್ಯಾಕ್ಟರಿಯವ್ರನ್ನ ಅಕ್ಕಿ ಕೇಳ್ಹೋಗು."

ದಾರಿಯುದ್ದಕ್ಕೂ ಅವಳು ಖಾಲಿ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಸೋಮವಾರ ಶೆಡ್ಡು ನೋಡಲು ಅಧಿಕಾರಿಗಳು ಬರುವವರಿದ್ದರು. ಬೆಳಿಗ್ಗೆ ಉಮಾಪತಿ ನಮಗೆಲ್ಲ ನೀಲಿ ರಬ್ಬರ್ ಗ್ಲೌಸು ಹಂಚಿದ. ಮಾಲೀಕ ಚಿದಾನಂದಪ್ಪ ಬಿಳಿ ಪುಡಿಯನ್ನು ಅಧಿಕಾರಿಯ ಅಂಗೈಗೆ ಸುರಿದು, "ಕಸದಿಂದ ರಸ ತೆಗಿಯೋದ್ರಿ ಸಾರ್. ಇವ್ರೆಲ್ಲ ನಮ್ಮನಿ ಹೆಣ್ಮಕ್ಕಳು ಇದ್ದಂಗ" ಎಂದ. ನಮ್ಮ ಕೈಗಳ ಫೋಟೋ ತೆಗೆದರು.

ಜೀಪು ಗೇಟು ದಾಟಿದ್ದೇ ತಡ, ಉಮಾಪತಿ ಬುಟ್ಟಿ ಹಿಡಿದು ಬಂದ. "ಗ್ಲೌಸು ತೆಗೀರಿ. ಮುಂದಿನ ಸಲಕ್ಕ ಬೇಕು."

ನಾವು ಕಳಚಿ ಹಾಕಿದೆವು. ಉಚ್ಚೆಂಗೆಮ್ಮ ಕಳಚಲಿಲ್ಲ.

"ಬಿಚ್ಚಲೇ."

"ಬಿಚ್ಚಂಗಿಲ್ಲ."

"ನಿಮ್ಮಪ್ಪ ತಂದುಕೊಟ್ಟಾನೇನು ಇವನ್ನ?"

"ನಮ್ಮಪ್ಪ ಕೈ ಕೊಟ್ಟಾನ. ಅವನ್ನ ತಿಂದೋರು ನೀವು."

ಅವನು ಒಂದು ಗ್ಲೌಸು ಹಿಡಿದು ಜಗ್ಗಿದ. ಅದರ ಜೊತೆ ಸೋಡಾ ನೀರಿಗೆ ಎದ್ದಿದ್ದ ಹುಣ್ಣಿನ ಹಕ್ಕಳೆಯೂ ಕಿತ್ತು ಬಂತು. ಅವಳು ಇನ್ನೊಂದು ಕೈಯನ್ನು ಅವನ ಎದೆಗಿಟ್ಟು ನೂಕಿದಳು. ಒದ್ದೆ ನೆಲದ ಮೇಲೆ ಅವನು ಕುಂಡಿಯೂರಿ ಬಿದ್ದ.

ಸದ್ದಿಗೆ ಚಿದಾನಂದಪ್ಪ ಓಡಿಬಂದ. "ಹೊರಗ ಹಾಕೋ ಈ ಸೂಳೇನ."

ಈ ಶೆಡ್ಡಿಗೆ ಬಂದ ಆರು ವರ್ಷದಲ್ಲಿ ನಾನು ಯಾರಿಗೂ ಎದುರಾಡಿದವಳಲ್ಲ. ಬುಟ್ಟಿಗೆ ಕೈಹಾಕಿ ಒಂದು ಜೊತೆ ತೆಗೆದು ತೊಟ್ಟುಕೊಂಡೆ. ನೆಲದ ಮೇಲೆ ಬಿದ್ದಿದ್ದ ಅವಳದನ್ನೂ ಎತ್ತಿಕೊಟ್ಟೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬುಟ್ಟಿಗೆ ಬಂದರು. ಆಮೇಲೆ ಉಚ್ಚೆಂಗೆಮ್ಮನನ್ನು ನಡುವೆ ಕೂಡಿಸಿಕೊಂಡು ದಂಡೆಯ ಮೇಲೆ ಸಾಲಾಗಿ ಕುಳಿತೆವು.

ಹೊತ್ತಿಗೆ ತೊಳೆಯದಿದ್ದರೆ ಇಡೀ ತೊಟ್ಟಿ ಹಳದಿಗಟ್ಟಿ ಕೆಡುತ್ತದೆ. ಅದು ಮಾಲೀಕನಿಗೂ ಗೊತ್ತು.

"ತೊಳೀರಿ" ಎಂದ. ತೊಟ್ಟಿಗೆ ಇಣುಕಿ, "ಮೊದ್ಲು ತೊಳೀರಿ, ಆಮ್ಯಾಲೆ ನೋಡೋಣಂತ."

ಯಾರೂ ಏಳಲಿಲ್ಲ.

ಚಿದಾನಂದಪ್ಪ ಉಮಾಪತಿಯ ಕಡೆ ತಿರುಗಿದ. "ನೀನಾದ್ರೂ ಕೈ ಹಾಕೋ."

ಉಮಾಪತಿ ತೊಟ್ಟಿಯನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ. ಎರಡನ್ನೂ ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ.